ಬಿಳಿ ಬೇಸಿನ್ನಿನ ಕೆಂಪು ಗೆರೆ

ನಮ್ಮ ಕದರಮಂಡಲಗಿ ಮನೆಯ ವಾಶ್ ಬೇಸಿನ್ ಬಿರುಕು ಬಿಟ್ಟಿದೆ ಎಂದು ನನಗೆ ತಿಳಿಸಿದ್ದು ಇರುವೆಗಳು. ಅಂಚಿನಿಂದ ಇಳಿದು, ನಲ್ಲಿಯ ಪಕ್ಕಕ್ಕೆ ತಿರುಗಿ, ಒಂದು ಗೇಣು ದೂರದವರೆಗೆ ಸಾಲಾಗಿ ನಡೆದಿದ್ದವು. ಬೇಸಿನ್ನಿನಲ್ಲಿ ಇರುವೆಗಳಿಗೇನು ಕೆಲಸ ಎಂದು ಬಗ್ಗಿ ನೋಡಿದರೆ, ಅವುಗಳ ಕಾಲಡಿ ಕೂದಲೆಳೆಯಂಥ ಕೆಂಪು ಗೆರೆ, ಅದರ ಮೇಲೆ ಬೂದು ಬಣ್ಣದ ಮೆತ್ತಿಗೆ.

ನಾವು ಇರುವುದು ರಾಣೇಬೆನ್ನೂರಿನಲ್ಲಿ. ಅತ್ತೆಯವರು ಊರು ಬಿಟ್ಟು ಬರುವುದಿಲ್ಲ. ಹಾವೇರಿ ಜಿಲ್ಲೆಯಾಗಿದ್ದು 1997ರಲ್ಲಿ. ಅವರ ಬಾಯಲ್ಲಿ ಇನ್ನೂ "ನಮ್ಮ ಧಾರವಾಡ ಜಿಲ್ಲಾ". ಅಂಥವರನ್ನು ಮನೆ ಬದಲಿಸಿ ಎಂದರೆ ಕೇಳುತ್ತಾರೆಯೇ? ಮಂಡಿನೋವು ಹೆಚ್ಚಾದ ವರ್ಷ ನನ್ನ ಯಜಮಾನರು ಹಟ ಹಿಡಿದು ಹಳೆಯ ಬಚ್ಚಲಮನೆಗೆ ಬಿಳಿ ಟೈಲ್ಸ್, ಬೇಸಿನ್, ಕುರ್ಚಿಯಂತೆ ಕೂರುವ ಕಮೋಡ್ ಹಾಕಿಸಿದರು. ತಾಮ್ರದ ಹಂಡೆಯನ್ನು ಮಾತ್ರ ಅತ್ತೆ ಅಲುಗಿಸಗೊಡಲಿಲ್ಲ.

ನಮ್ಮ ಊರಿನ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರೂ ಹನುಮಪ್ಪಗಳ ದರ್ಶನವನ್ನು ಒಂದೇ ದಿನದಲ್ಲಿ ಮಾಡಿದರೆ ಬಹಳ ಪುಣ್ಯ ಎನ್ನುವ ನಂಬಿಕೆ ಇದೆಯಲ್ಲ, ಹೀಗಾಗಿ ಶನಿವಾರ ಬಂತೆಂದರೆ ನೆಂಟರ ಗಾಡಿ ನಮ್ಮ ಮನೆ ಮುಂದೆ ನಿಲ್ಲುವುದು ರೂಢಿ. ಬಂದವರಿಗೆಲ್ಲ ಅತ್ತೆ ಮೊದಲು ತೋರಿಸುತ್ತಿದ್ದುದು ಆ ಬೇಸಿನ್ನು. "ನನ್ನ ಮಗ ಹಾಕಿಸ್ಯಾನ" ಎಂದು ಹೇಳಿಯೇ ನೀರು ಬಿಡುತ್ತಿದ್ದರು.

ಅಂಥ ಬೇಸಿನ್ನಿಗೆ ಇರುವೆ! ಕೇಳಿದರೆ ಅತ್ತೆ ಸೆರಗಿನ ತುದಿ ತಿರುವುತ್ತ ನಿಂತರು.

"ತಂಬಗಿ ಕೈ ಜಾರಿತವಾ. ಸುಣ್ಣ ಬೆಲ್ಲ ಕಲಸಿ ಮೆತ್ತೀನಿ. ಅವಗ ಹೇಳಬ್ಯಾಡ."

ಹಳೆಯ ಕಾಲದಲ್ಲಿ ಸೋರುವುದಕ್ಕೆಲ್ಲ ಸುಣ್ಣ ಬೆಲ್ಲವೇ ಮದ್ದಾಗಿತ್ತು. ಆದರೆ ನುಣುಪಾದ ಪಿಂಗಾಣಿಗೆ ಅದು ಹಿಡಿದು ಕೂರುವುದೆಲ್ಲಿ? ಬೆಲ್ಲ ಇರುವೆಗಳ ಪಾಲಾಯಿತು. ಗೆರೆ ಕೆಂಪಾಗಿದ್ದು ನಮ್ಮ ಸೀಮೆಯ ಮೆಣಸಿನಕಾಯಿಯಿಂದ. ಖಾರ ಕಡಿಮೆ, ಬಣ್ಣ ಜಾಸ್ತಿ ಎಂಬುದೇ ಬ್ಯಾಡಗಿ ಕಾಯಿಯ ಹೆಗ್ಗಳಿಕೆ. 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ತೊಟ್ಟು ಮುರಿದ ಕೈಯನ್ನು ಅಲ್ಲಿ ತೊಳೆದಾಗ ಬಣ್ಣ ಬಿರುಕಿಗೆ ಇಳಿದಿತ್ತು.

ನನಗೆ ಕೆಟ್ಟದೆನಿಸಿದ್ದು ಆಮೇಲೆ ತಿಳಿದ ಸಂಗತಿ. ಇನ್ನಷ್ಟು ಒಡೆದೀತೆಂಬ ಹೆದರಿಕೆಗೆ ಅತ್ತೆ ತಿಂಗಳಿಂದ ನಸುಕಿನ ಕತ್ತಲಲ್ಲಿ ಹಿತ್ತಲ ಕಲ್ಲಿನ ಮೇಲೆ ನಿಂತು ಮುಖ ತೊಳೆಯುತ್ತಿದ್ದರು. ಹೆತ್ತ ಮಗನಿಗೆ ಹೆದರಿ, ತಮ್ಮದೇ ಮನೆಯಲ್ಲಿ!

ಆ ದಿನ ಸಂಜೆಯ ಬಸ್ಸು ಬಿಟ್ಟು ಅಲ್ಲೇ ಉಳಿದೆ. ರಿಪೇರಿಯ ಬಗ್ಗೆ ಅಷ್ಟಿಷ್ಟು ತಿಳಿದಿತ್ತು. ರಾಣೇಬೆನ್ನೂರಿನ ನಮ್ಮ ಬೇಸಿನ್ನಿನ ಗೀರುಗಳ ಜೊತೆ ಮೊದಲೇ ಒಂದು ಯುದ್ಧವಾಗಿತ್ತು. ಪಿಂಗಾಣಿ ಎಂದರೆ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟ ಮಣ್ಣು. ಮೇಲಿನ ಹೊಳಪು ತೆಳ್ಳನೆಯ ಗಾಜಿನ ಪದರ. ಸ್ಟೀಲ್ ಬಕೆಟ್ ಉಜ್ಜಿ ಆದ ಕಪ್ಪು ಗೆರೆಗಳು ಬಹಳಷ್ಟು ಸಲ ಗೀರುಗಳೇ ಅಲ್ಲ. ಗಾಜು ಗಟ್ಟಿ, ಸ್ಟೀಲ್ ಮೆದು. ಬಕೆಟ್ಟಿನ ಲೋಹವೇ ಅದಕ್ಕೆ ಅಂಟಿರುತ್ತದೆ. ಉಗುರು ಆಡಿಸಿ ನೋಡಿ. ಉಗುರು ತಡೆಯದಿದ್ದರೆ ಅದು ಬರೀ ಗುರುತು. ಪಾತ್ರೆ ತಿಕ್ಕುವ ನಯವಾದ ಪುಡಿಗೆ ನಾಲ್ಕು ಹನಿ ಲಿಂಬೆರಸ ಬಿಟ್ಟು ಒದ್ದೆ ಬಟ್ಟೆಯಿಂದ ಮೆಲ್ಲಗೆ ಉಜ್ಜಿದರೆ ಹೋಗುತ್ತದೆ. ತಂತಿಯ ಬ್ರಶ್ ಹಿಡಿದಿರೋ, ನಿಜವಾದ ಗೀರನ್ನು ನೀವೇ ಮಾಡಿದಂತೆ. ಆಸಿಡ್ ಸುರಿದ ಮೇಲೆ ಬ್ಲೀಚಿಂಗ್ ಪುಡಿ ಹಾಕುವವರೂ ಇದ್ದಾರೆ. ಎರಡೂ ಸೇರಿದರೆ ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ, ಆ ಸಾಹಸ ಬೇಡವೇ ಬೇಡ.

ಇಲ್ಲಿ ಉಗುರು ತಡೆಯಿತು. ಬೇಸಿನ್ನಿನ ಕೆಳಗೆ ಒಣ ಪತ್ರಿಕೆ ಹಾಸಿ, ನೀರು ತುಂಬಿಸಿ, ಒಂದು ತಾಸು ಬಿಟ್ಟು ನೋಡಿದೆ. ಕಾಗದ ಒಣಗಿಯೇ ಇತ್ತು. ಬಿರುಕು ಆಚೆ ದಾಟಿಲ್ಲ ಎಂದು ಜೀವ ತಂಪಾಯಿತು. ಬೋರ್ ನೀರಿನ ಬಿಳಿ ಕರೆಯನ್ನು ವಿನೆಗರ್ ಹಾಕಿ ತೆಗೆದು, ಬೆಲ್ಲ ಸುಣ್ಣವನ್ನೆಲ್ಲ ಹಳೆಯ ಹಲ್ಲುಬ್ರಶ್ಶಿನಿಂದ ತೊಳೆದು, ನಲ್ಲಿ ಕಟ್ಟಿ ಎರಡು ದಿನ ಒಣಗಲು ಬಿಟ್ಟೆ. ಒಳಗೆ ಪಸೆ ಉಳಿದರೆ ಅಂಟು ಹಿಡಿಯುವುದಿಲ್ಲ, ಇಡೀ ಕೆಲಸದ ಜೀವಾಳ ಇಷ್ಟೇ.

ಆ ಎರಡು ದಿನದಲ್ಲೇ ಇನ್ನೊಂದು ಗುಟ್ಟು ಹೊರಬಿತ್ತು. ನೆಲ ಒರೆಸುವಾಗ ಕಮೋಡಿನ ಬುಡದಲ್ಲೂ ಒಂದು ಬಿರುಕು ಕಂಡಿತು. ಹಂಡೆ ಸರಿಸುವಾಗ ತಾಕಿತ್ತಂತೆ. "ಅದಕ್ಕೇನಾಗೂದಿಲ್ಲ, ದಿನಾ ಕುಂದ್ರತೀನಿ" ಎಂದು ಅತ್ತೆ ಸಲೀಸಾಗಿ ಹೇಳಿಬಿಟ್ಟರು.

ನನಗೆ ಮೈ ಜುಮ್ಮೆಂದಿತು. ಭಯಪಡಬೇಕಿಲ್ಲದ್ದಕ್ಕೆ ಹೆದರಿ ಕತ್ತಲಿಗೆ ಹೋದವರು, ಭಯಪಡಬೇಕಾದದ್ದರ ಮೇಲೆ ನಿಶ್ಚಿಂತೆಯಿಂದ ಕೂತಿದ್ದರು. ಬೇಸಿನ್ ಹೊರುವುದು ನೀರನ್ನು. ಕಮೋಡ್ ಹೊರುವುದು ಮನುಷ್ಯರ ಭಾರವನ್ನು. ಒಡೆದ ಪಿಂಗಾಣಿಯ ಅಂಚು ಕತ್ತಿಯಷ್ಟು ಹರಿತ. ಅದಕ್ಕೆ ಅಂಟು ಮೆತ್ತಿ ಸಮಾಧಾನಪಡುವಂತಿಲ್ಲ, ಬದಲಿಸಲೇಬೇಕು.

"ಹಂಡೆ ಸೋರಿದ್ರ ಬೆಸಿಗಿ ಹಾಕ್ತಿದ್ರು, ಹರದ ಸೀರಿ ಕೌದಿ ಆಗತಿತ್ತು. ಇದು ಎಂಥಾ ಸಾಮಾನs, ರಿಪೇರಿನs ಇಲ್ಲ ಅಂದ್ರ?" ಎಂದು ಅತ್ತೆ ಗೊಣಗಿದರು.

"ಅತ್ತೀ, ಇದನ್ನ ಮಾತ್ರ ಅವರಿಗೆ ಹೇಳಲೇಬೇಕ್ರೀ" ಎಂದೆ. ಫೋನು ಮಾಡಿ ಎರಡನ್ನೂ ಹೇಳಿದೆ. ಅತ್ತೆ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದರು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅವ್ವಗೇನೂ ಆಗಿಲ್ಲಲಾ?" ಎಂದಷ್ಟೇ ಕೇಳಿದರು. ಸಂಜೆಗೆ ಔಷಧಿ ಅಂಗಡಿಯಿಂದ ರೋಗಿಗಳಿಗೆಂದು ಇರುವ ಕಮೋಡ್ ಕುರ್ಚಿ ಬಂತು; ವಾರದೊಳಗೆ ಹೊಸ ಕಮೋಡ್ ಕೂತಿತು.

ಬೇಸಿನ್ನಿನ ಕೆಲಸ ನನ್ನ ಪಾಲಿಗೇ ಉಳಿಯಿತು. ಗೆರೆಯ ಅಂಚನ್ನು ಪೇಂಟರುಗಳು ಬಳಸುವ ನಯವಾದ ವಾಟರ್ ಪೇಪರಿನಿಂದ ಹಗುರಾಗಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿದೆ. ಎರಡು ಟ್ಯೂಬುಗಳಲ್ಲಿ ಬರುವ ಎಪಾಕ್ಸಿ ಅಂಟನ್ನು ಪೊಟ್ಟಣದ ಮೇಲೆ ಬರೆದ ಅಳತೆಯಂತೆ ಸಮಸಮ ಕಲಸಿದೆ. ಕೈಗೆ ಗ್ಲೌಸ್ ಇರಲಿ, ಕಿಟಕಿ ತೆರೆದಿರಲಿ. ಬೆಂಕಿಕಡ್ಡಿಯ ತುದಿಯಿಂದ ಗೆರೆಯೊಳಗೆ ತುಂಬಿಸಿ, ಹೆಚ್ಚಾದದ್ದನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಸವರಿ ತೆಗೆದು, ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಮತ್ತೆ ಉಜ್ಜಿ ನಯ ಮಾಡಿ, ಬಿಳಿ ಎಪಾಕ್ಸಿ ಬಣ್ಣವನ್ನು ಎರಡು ಸಲ ತೆಳ್ಳಗೆ ಎಳೆದೆ. ಬಣ್ಣ ಪೂರ್ತಿ ಗಟ್ಟಿಯಾಗಲು ಇನ್ನೂ ಕೆಲವು ದಿನ ಕಾದೆವು. ಅತ್ತೆ ಪಕ್ಕದಲ್ಲಿ ಮಣೆ ಹಾಕಿ ಕೂತು, ಕಸೂತಿ ನೋಡುವವರಂತೆ ಎಲ್ಲವನ್ನೂ ನೋಡಿದರು. ಹಂಡೆಯ ಕುದಿನೀರನ್ನು ಇದರಲ್ಲಿ ಸುರಿಯಬೇಡಿ, ತಣ್ಣನೆಯ ಪಿಂಗಾಣಿ ಒಮ್ಮೆಲೇ ಕಾಯ್ದರೆ ಮತ್ತೆ ಸೀಳುತ್ತದೆ ಎಂದದ್ದಕ್ಕೆ ತಲೆಯಾಡಿಸಿದರು.

ಗೆರೆ ಪೂರ್ತಿ ಮಾಯವಾಗಿದೆ ಎಂದರೆ ಸುಳ್ಳಾಗುತ್ತದೆ. ಬಿಳಿಯಲ್ಲೂ ಹತ್ತು ಬಗೆ. ನಮ್ಮ ಬಿಳಿ ಸ್ವಲ್ಪ ಹಾಲಿನ ಕಡೆಗೆ ವಾಲಿದೆ.

ಮುಂದಿನ ಶನಿವಾರ ಕಾಂತೇಶನ ದರ್ಶನಕ್ಕೆ ಬಂದ ನಾದಿನಿ ಕೈ ತೊಳೆಯುತ್ತ, "ಇದೇನವ್ವಾ, ಗೆರಿ ಕಾಣತೈತಿ?" ಎಂದಳು. ಒಳಗೆ ಚಹಾ ಸೋಸುತ್ತಿದ್ದ ನನ್ನ ಕೈ ಹಾಗೆಯೇ ನಿಂತಿತು.

"ನಾನs ತಂಬಗಿ ಬೀಳಿಸಿ ಸೀಳಿದ್ದು," ಅತ್ತೆಯ ದನಿ ಪಡಸಾಲೆಗೂ ಕೇಳುವಷ್ಟಿತ್ತು, "ನನ್ನ ಸೊಸಿ ಹಚ್ಯಾಳ. ನೀರು ಬಿಟ್ಟು ನೋಡು, ಒಂದು ಹನಿನೂ ಸೋರೂದಿಲ್ಲ."