ಅಳೆಯದೆ ಕೊಟ್ಟ ಉತ್ತರ

ಚಾಮರಾಜನಗರದ ಅರಿಸಿನದ ವರ್ತಕನಾಗಲಿ ಗುಂಡ್ಲುಪೇಟೆಯ ಚೆಂಡುಹೂವಿನ ಬೆಳೆಗಾರನಾಗಲಿ ಮೊಬೈಲಿನಲ್ಲಿ ನಿಶ್ಚಿಂತೆಯಿಂದ ಒತ್ತುವ ಪಾಸ್‌ವರ್ಡನ್ನು ಗೂಢಲಿಪಿಯಾಗಿಸಿ ಸಾಗಿಸುವ ತಂತ್ರಾಂಶಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಪ್ರಮುಖವಾದುದು. ಅದರಲ್ಲಿ ಎರಡು ವರ್ಷ ಅಡಗಿದ್ದ ‘ಹಾರ್ಟ್‌ಬ್ಲೀಡ್’ ದೋಷವು 2014ರ ಏಪ್ರಿಲಿನಲ್ಲಿ ಬಯಲಾಯಿತು. ಸಂಪರ್ಕವು ಜೀವಂತವಾಗಿದೆಯೇ ಎಂದು ವಿಚಾರಿಸುವ ಪುಟ್ಟ ಸಂದೇಶವೊಂದು ತನ್ನ ಉದ್ದವನ್ನು ಇದ್ದುದಕ್ಕಿಂತ ಹೆಚ್ಚೆಂದು ಸುಳ್ಳಾಗಿ ಹೇಳಿದರೂ, ಸರ್ವರು ಅದನ್ನು ಅಳೆದು ನೋಡದೆ, ತನ್ನ ಸ್ಮರಣಕೋಶದಲ್ಲಿದ್ದ ಪರರ ರಹಸ್ಯಗಳನ್ನು, ಒಮ್ಮೊಮ್ಮೆ ಗೂಢಲಿಪಿಯ ಕೀಲಿಯನ್ನೇ, 64 ಕಿಲೋಬೈಟುಗಳವರೆಗೆ ಎತ್ತಿ ಕೊಟ್ಟುಬಿಡುತ್ತಿದ್ದಿತು. ಉದ್ದವನ್ನು ಪರೀಕ್ಷಿಸುವ ಕೆಲವೇ ಸಾಲುಗಳಿಂದ 1.0.1ಜಿ ಆವೃತ್ತಿಯು ಆ ದೋಷವನ್ನು ನೀಗಿತು. ಆದರೆ ತೇಪೆ ಹಾಕಿದ ಮಾತ್ರಕ್ಕೆ ಸೋರಿಹೋದ ಕೀಲಿಯು ಮರಳಿ ಬಾರದಷ್ಟೆ. ಜಾಲತಾಣಗಳ ಗುರುತನ್ನು ದೃಢೀಕರಿಸುವ ಹಳೆಯ ಪ್ರಮಾಣಪತ್ರಗಳನ್ನು ರದ್ದುಗೊಳಿಸಿ, ಹೊಸ ಕೀಲಿಗಳನ್ನು ರಚಿಸಿದ ತರುವಾಯವೇ ಪಾಸ್‌ವರ್ಡುಗಳನ್ನು ಬದಲಿಸಬೇಕಾಗಿದ್ದಿತು. ಇಷ್ಟು ಮಹತ್ತ್ವದ ತಂತ್ರಾಂಶದ ಭಾರವನ್ನು ಬೆರಳೆಣಿಕೆಯ ಜನರ ಹೆಗಲಿಗೆ ಬಿಟ್ಟಿದ್ದ ಲೋಕದ ಔದಾಸೀನ್ಯವೇ ನನ್ನನ್ನು ಹೆಚ್ಚು ನೋಯಿಸುತ್ತದೆ.