ಕಲ್ಲಾದ ಮರ

ನಮ್ಮ ವಿಜಯಪುರ ಸೀಮೆಯಲ್ಲಿ ಕಲ್ಲಿಗೇನೂ ಬರವಿಲ್ಲ. ಗೋಡೆ ಕರಿಕಲ್ಲಿನದು, ನೆಲ ಪರ್ಸಿಯದು. ಸಿರಿವಂತಿಕೆಯ ಗುರುತೆಂದರೆ ಮರ. ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಯಾವ ಊರಿನ ಹಳೆಯ ವಾಡೆಗೆ ಹೋದರೂ ಮನೆಯವರು ಮೊದಲು ತೋರಿಸುವುದು ಸಾಗವಾನಿಯ ಕಂಬವನ್ನು. ಅಂಥಲ್ಲಿ ಮರವೇ ಕಲ್ಲಾಗಿ, ಸಾಗವಾನಿಗಿಂತಲೂ ತುಟ್ಟಿಯಾಗಿ ಮಾರುತ್ತದೆಂದರೆ ಯಾರು ನಂಬಿಯಾರು?

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ಭಾವಮೈದುನನು ಅಂಥದೊಂದು ಬಿಲ್ಲೆಯನ್ನು ನನಗೆ ಕಾಣಿಕೆಯಾಗಿ ತಂದನು. ಅಂಗೈಯಗಲದ ತುಂಡು, ಕನ್ನಡಿಯಂಥ ಮೆರುಗು. ಕೆಂಪು ಹಳದಿಗಳ ನಡುವೆ ಮರದ ಬಳೆಗಳನ್ನು ಎಣಿಸಬಹುದು. ಕೆಸರಿನಲ್ಲಿಯೋ ಜ್ವಾಲಾಮುಖಿಯ ಬೂದಿಯಲ್ಲಿಯೋ ಹುಗಿದುಹೋದ ಮರವು ಗಾಳಿ ಸೋಕದೆ, ಕೊಳೆಯದೆ ಉಳಿದಾಗ, ಸಿಲಿಕ ಕರಗಿದ ನೀರು ಅದರ ಒಳಹೊಕ್ಕು ಎಳೆಯೆಳೆಯನ್ನೂ ಕಲ್ಲಾಗಿಸುತ್ತದೆ. ಕಬ್ಬಿಣದ ಅಂಶ ಕೆಂಪು ಹಳದಿಗಳನ್ನು ಕೊಡುತ್ತದೆ. ಉಕ್ಕಿನ ಉಳಿಗೆ ಇದು ಮಣಿಯದು. ವಜ್ರದ ಪುಡಿ ಕೂಡಿಸಿದ ಗರಗಸದಿಂದ ಕೊಯ್ದು, ಒಂದಕ್ಕಿಂತ ಒಂದು ನುಣುಪಾದ ಪುಡಿಗಳಿಂದ ಉಜ್ಜಿದ ಮೇಲೆಯೇ ಮೇಜಿನ ಹಲಗೆಯೋ ಒಡವೆಯ ಹರಳೋ ಆಗುತ್ತದೆ.

ಸಿಂದಗಿಯಲ್ಲಿ ನಮ್ಮ ನೆರೆಯವರಾದ ಬಡಿಗೇರ ಅಜ್ಜನ ಕೈಗೆ ಅದನ್ನು ಕೊಟ್ಟೆ. ಗಾಡಿಯ ಗಾಲಿ ಮಾಡಿ ಸವೆದ ಹೆಬ್ಬೆರಳು ಬಳೆಗಳ ಮೇಲೆ ನಿಧಾನವಾಗಿ ಹರಿಯಿತು.

"ಯಾವ ಗಿಡದ್ದರೀ ಸರ್ ಇದು? ಯಾ ಊರಿಂದು?"

ರಸೀದಿಯಲ್ಲಿ ಇದ್ದುದು ಬೆಲೆಯೊಂದೇ.

"ಗಿಡ ಗೊತ್ತಿಲ್ಲದ ಕಟಗಿ ನಾ ಮುಟ್ಟಂಗಿಲ್ರಿ" ಎಂದು ಅಜ್ಜ ಬಿಲ್ಲೆಯನ್ನು ಮರಳಿಸಿದರು.

ವಿಜ್ಞಾನಿಗಳು ಕೇಳುವುದೂ ಇದನ್ನೇ. ಇಂಡಿ, ಸಿಂದಗಿಗಳ ಎರೆಮಣ್ಣು ಹುಟ್ಟಿದ್ದು ದಖನ್ನಿನ ಲಾವಾಶಿಲೆಯಿಂದ. ಅದೇ ಲಾವಾದ ಪದರಗಳ ನಡುವೆ, ದೂರದ ಮಧ್ಯಪ್ರದೇಶದ ಘುಘ್ವಾದಲ್ಲಿ, ಸುಮಾರು 6.5 ಕೋಟಿ ವರ್ಷಗಳ ಹಿಂದಿನ ತಾಳೆಯ ಜಾತಿಯ ಮರಗಳು ಕಲ್ಲಾಗಿ ಉಳಿದಿವೆ. ತೆಳುವಾಗಿ ಕೊಯ್ದ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಮರದ ಜಾತಿಯನ್ನೂ, ಅದು ದೊರೆತ ನೆಲವನ್ನು ನೋಡಿ ಅಂದಿನ ಹವೆಯನ್ನೂ ಊಹಿಸಬಲ್ಲರು. ಅಮೆರಿಕದ ಅರಿಜೋನಾದಲ್ಲಿ 19ನೆಯ ಶತಮಾನದ ಕೊನೆಗೆ ಹರಳುಗಳ ಆಸೆಗೆ ಇಂಥ ದಿಮ್ಮಿಗಳನ್ನು ಮದ್ದಿಟ್ಟು ಸಿಡಿಸಿದರು, ಮೇಜುಗಳಿಗಾಗಿ ಕೊಯ್ದರು. 1906ರಲ್ಲಿ ಸರಕಾರವು ಆ ಪ್ರದೇಶವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿ ಉಳಿದುದನ್ನು ಕಾಯ್ದಿತು.

ಕುಶಲಕರ್ಮಿಯ ಕೈಗೆಲಸವನ್ನು ನಾನು ಹಳಿಯೆನು. ಅವನು ಮೆರುಗಿತ್ತುದರಿಂದಲೇ ಆ ಬಳೆಗಳು ನನ್ನ ಕಣ್ಣಿಗೆ ಬಿದ್ದವು. ಆದರೆ ಊರು ಹೆಸರು ಅಳಿದ ಮೇಲೆ ಅದು ಬರಿಯ ಅಲಂಕಾರ. ಕೋಟಿ ವರ್ಷಗಳ ದಾಖಲೆ ಅಲ್ಲಿಗೆ ಮುಗಿಯಿತು.

ಹೊಸ ಮನೆಗೆ ಇಂಥದೇ ಮೇಜೊಂದನ್ನು ಗೊತ್ತುಮಾಡಿದ್ದ ಭಾವಮೈದುನನಿಗೆ ಇದನ್ನೆಲ್ಲ ಬರೆದೆ. "ಕಾಣಿಕೆ ಕೊಟ್ಟವನಿಗೇ ಉಪದೇಶವೇ?" ಎಂದು ಮನೆಯಾಕೆ ಮುನಿದಳು. ಅವನ ಉತ್ತರ ಮೊನ್ನೆ ಬಂದಿತು: ಅಂಗಡಿಯವರನ್ನು ಕೇಳಿದ್ದಾನಂತೆ; ಗಿಡದ ಹೆಸರೂ ಊರೂ ತಿಳಿಯುವವರೆಗೆ ಹಣ ಕೊಡುವುದಿಲ್ಲವಂತೆ.