ರಸ್ತೆ ಬಂದ್ ಆದ ದಿನ ನಾವು ಯಾವ ಕಡೆಯಿಂದ ನೋಡುತ್ತೇವೆ?

ಬೆಂಗಳೂರಿನಲ್ಲಿ ದೊಡ್ಡ ಪ್ರತಿಭಟನೆ ನಡೆದ ದಿನ ಟಿವಿಯಲ್ಲಿ ಮೊದಲು ಬರುವ ಸುದ್ದಿ ಯಾವುದೆಂದು ಗಮನಿಸಿದ್ದೀರಾ? ಬಂದವರು ಏನು ಕೇಳುತ್ತಿದ್ದಾರೆ ಅನ್ನುವುದಲ್ಲ. ಯಾವ ರಸ್ತೆ ಬಂದ್ ಆಗಿದೆ, ವಾಹನಗಳು ಎಷ್ಟು ದೂರ ಸಾಲುಗಟ್ಟಿವೆ ಅನ್ನುವುದು. ಸಂಜೆ ಹೊತ್ತಿಗೆ ಅದೇ ವಿಡಿಯೊ ನಮ್ಮೂರಿನವರ ಫೋನಿಗೂ ಬಂದಿರುತ್ತದೆ. ನೋಡಿದವರಲ್ಲಿ ಒಬ್ಬರಾದರೂ 'ಇವರಿಗೆ ಬೇರೆ ಕೆಲಸ ಇಲ್ಲೇನು' ಅನ್ನುತ್ತಾರೆ. ಹಾಗೆ ಹೇಳಿದವರು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವರಲ್ಲ. ನಮ್ಮ ಪಕ್ಕದ ಓಣಿಯವರು.

ಈ ಮಾತು ನಮ್ಮೂರಿಗೆ ಹೇಗೆ ಬಂತು ಎಂದು ನಾವು ಆಗಾಗ ಯೋಚಿಸುತ್ತೇವೆ. ಹಾಗೆ ಯೋಚಿಸಿದಾಗಲೆಲ್ಲ ನೆನಪಾಗುವುದು 2017ರ ಮಾರ್ಚ್ ತಿಂಗಳ ಅಂಗನವಾಡಿ ಹೋರಾಟ. ಅದನ್ನು ನಾವು ಎರಡೂ ತುದಿಯಿಂದ ನೋಡಿದ್ದೇವೆ. ನಮ್ಮ ಗುಂಪಿನ ಗೆಳತಿಯೊಬ್ಬಳ ಅಮ್ಮ ಕೊಪ್ಪಳ ಜಿಲ್ಲೆಯಲ್ಲಿ ಅಂಗನವಾಡಿ ಸಹಾಯಕಿ. ಅವರು ಆ ದಿನಗಳಲ್ಲಿ ಬೆಂಗಳೂರಿನ ರಸ್ತೆ ಮೇಲೆ ಮಲಗಿದ್ದರು. ನಮ್ಮ ಇನ್ನೊಬ್ಬ ಗೆಳೆಯ ಆಗ ಬೆಂಗಳೂರಿನಲ್ಲೇ ಓದುತ್ತಿದ್ದ. ಅದೇ ರಸ್ತೆಯಿಂದಾಗಿ ಅವನ ಸಿಟಿ ಬಸ್ಸು ಗಂಟೆಗಟ್ಟಲೆ ನಿಂತಿತ್ತು.

ಅಂದು ನಡೆದದ್ದು ಇಷ್ಟು. ಮಾರ್ಚ್ 20ರಂದು ರಾಜ್ಯದ ಮೂಲೆಮೂಲೆಯಿಂದ ಸಾವಿರಾರು ಕಾರ್ಯಕರ್ತೆಯರು, ಸಹಾಯಕಿಯರು ಬೆಂಗಳೂರಿಗೆ ಬಂದರು. ಗೌರವಧನ ಹೆಚ್ಚಿಸಿ ಅನ್ನುವುದು ಮುಖ್ಯ ಬೇಡಿಕೆ. ಫ್ರೀಡಂ ಪಾರ್ಕ್ ಬಳಿಯ ಶೇಷಾದ್ರಿ ರಸ್ತೆಯಲ್ಲಿ ಕುಳಿತವರು ಏಳಲಿಲ್ಲ. ರಾತ್ರಿಯೂ ಅಲ್ಲೇ ಮಲಗಿದರು. ಮೆಜೆಸ್ಟಿಕ್ಕಿಗೆ ಹತ್ತಿರದ ರಸ್ತೆ ಅದು. ಅದು ನಿಂತರೆ ಸುತ್ತಲಿನದೆಲ್ಲ ನಿಲ್ಲುತ್ತದೆ. ಮಾತುಕತೆಯ ಭರವಸೆ ಸಿಕ್ಕ ಮೇಲೆ ನಾಲ್ಕನೇ ದಿನ ಎದ್ದರು. ಅದರ ಮುಂದಿನ ತಿಂಗಳು ಸರ್ಕಾರ ಗೌರವಧನ ಹೆಚ್ಚಿಸಿತು.

'ಗೌರವಧನ' ಅನ್ನುವ ಪದದ ಹತ್ತಿರ ಒಂದು ನಿಮಿಷ ನಿಲ್ಲೋಣ. ಅಂಗನವಾಡಿ ಯೋಜನೆ ಶುರುವಾದದ್ದು 1975ರಲ್ಲಿ. ಮಕ್ಕಳಿಗೆ ಊಟ ಹಾಕುವುದು, ತೂಕ ನೋಡುವುದು, ಹಾಡು–ಅಕ್ಷರ ಕಲಿಸುವುದು, ಬಸುರಿ ಬಾಣಂತಿಯರ ಲೆಕ್ಕ, ಮನೆಮನೆ ಸಮೀಕ್ಷೆ ಎಲ್ಲವೂ ಇವರದೇ. ಆದರೆ ಇವರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಆ ಪ್ರಕರಣ ಹೋದದ್ದು ನಮ್ಮ ಕರ್ನಾಟಕದಿಂದಲೇ. ಸಂಬಳ ಅನ್ನದೆ ಗೌರವಧನ ಅನ್ನುವುದು ಅದಕ್ಕೇ. 2011ರಿಂದ 2018ರವರೆಗೆ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಕಾರ್ಯಕರ್ತೆಯ ಗೌರವಧನ ತಿಂಗಳಿಗೆ 3,000 ರೂಪಾಯಿ, ಸಹಾಯಕಿಯದು 1,500. ಅಂದರೆ ಸಹಾಯಕಿಗೆ ದಿನಕ್ಕೆ 50 ರೂಪಾಯಿ. ಅದರ ಮೇಲೆ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸುತ್ತದೆ. ಆ ಏಳು ವರ್ಷ ಎಣ್ಣೆ, ಬೇಳೆ, ಬಸ್ ಟಿಕೆಟ್ ಹಾಗೇ ನಿಂತಿದ್ದವೇ? ನಿಮಗೇ ಗೊತ್ತು.

ಗೆಳತಿಯ ಅಮ್ಮ ಊರಿಗೆ ಮರಳಿದ ಮೇಲೆ ನಾವು ಹೋಗಿ ಮಾತಾಡಿಸಿದ್ದೆವು. ಘೋಷಣೆ ಕೂಗಿದ್ದರ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ. ಕಟ್ಟಿಕೊಂಡು ಹೋದ ಕಟಕ ರೊಟ್ಟಿ, ಶೇಂಗಾ ಚಟ್ನಿ ಎರಡನೇ ದಿನಕ್ಕೆ ಮುಗಿದದ್ದು, ಶೌಚಾಲಯದ ಪರದಾಟಕ್ಕೆ ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದು, ಹಗಲು ಕಾದ ಡಾಂಬರು ರಾತ್ರಿಯೂ ಬೆನ್ನಿಗೆ ಬಿಸಿ ತಾಗುತ್ತಿದ್ದದ್ದು, ಇವನ್ನು ಹೇಳಿದರು. ಕೊನೆಗೆ ಒಂದು ಮಾತು ಅಂದರು. "ಹೋಗೋರು ಬರೋರು ಎಲ್ಲಾರೂ ಯಾವಾಗ ಎದ್ದು ಹೋಗ್ತೀರಿ ಅಂತ ಕೇಳಿದ್ರು. ಯಾಕ ಬಂದೀರಿ ಅಂತ ಕೇಳಿದೋರು ಭಾಳ ಕಡಿಮಿ."

ಇತ್ತ ಊರಿನಲ್ಲಿ ಎಲ್ಲರೂ ಅವರ ಪರವಾಗಿದ್ದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಂಗನವಾಡಿಗೆ ಬೀಗ ಬಿದ್ದಿತ್ತು. ಕೂಲಿಗೆ ಹೋಗುವ ತಾಯಂದಿರು ಸಣ್ಣ ಮಕ್ಕಳನ್ನು ಹೊಲಕ್ಕೆ ಕರೆದೊಯ್ದರು, ಇಲ್ಲವೇ ಕೂಲಿ ಬಿಟ್ಟು ಮನೆಯಲ್ಲಿ ಉಳಿದರು. "ಟೀಚರು ಬೆಂಗಳೂರಿಗೆ ಹೋಗಿ ಕುಂತಾರ, ಕೂಸುಗಳನ್ನ ಯಾರು ನೋಡ್ಬೇಕು?" ಅನ್ನುವ ಮಾತನ್ನು ನಾವೇ ಕಿವಿಯಾರೆ ಕೇಳಿದ್ದೇವೆ. ಬೆಂಗಳೂರಿನವರಿಗೆ ರಸ್ತೆ ನಿಂತಿತ್ತು, ನಮ್ಮೂರಿಗೆ ಅಂಗನವಾಡಿ ನಿಂತಿತ್ತು. ಸಿಟ್ಟು ಎರಡೂ ಕಡೆ ಇತ್ತು.

ಆದರೆ ಮೂರನೇ ದಿನಕ್ಕೆ ಊರಿನ ಮಾತು ಕೊಂಚ ಬದಲಾಯಿತು. ಒಬ್ಬ ಸಹಾಯಕಿ ಬೆಳಗಿನಿಂದ ಮಧ್ಯಾಹ್ನದ ತನಕ ಎಷ್ಟು ಮಕ್ಕಳನ್ನು ಸಂಭಾಳಿಸುತ್ತಾರೆ ಅನ್ನುವುದು ಬೀಗ ಬಿದ್ದ ಮೇಲೇ ಎಲ್ಲರ ಲೆಕ್ಕಕ್ಕೆ ಬಂತು. "ಆಕಿಗೆ ಎಷ್ಟು ಕೊಡ್ತಾರಂತ?" ಎಂದು ಕಟ್ಟೆ ಮೇಲೆ ಯಾರೋ ಕೇಳಿದರು. ವರ್ಷಗಟ್ಟಲೆ ಯಾರೂ ಕೇಳದ ಪ್ರಶ್ನೆ ಅದು. ಊರಿನವರಿಗೆ ಅವರ ಮುಖದ ಪರಿಚಯ ಇತ್ತು, ಅದಕ್ಕೇ ಆ ಪ್ರಶ್ನೆ ಹುಟ್ಟಿತು. ಬೆಂಗಳೂರಿನಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅವರು ಬರೀ ಒಂದು ಗುಂಪು.

ಪರಿಚಯ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅದರ ಹಿಂದಿನ ವರ್ಷವೇ ಇನ್ನೊಂದು ಉದಾಹರಣೆ ಸಿಗುತ್ತದೆ. 2016ರ ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದು ಹೊಸೂರು ರಸ್ತೆ, ತುಮಕೂರು ರಸ್ತೆ ತಡೆದರು. ಹೆಚ್ಚಿನವರು ಹೆಣ್ಣುಮಕ್ಕಳು. ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತ್ತು. ಕೆಲಸ ಬಿಟ್ಟರೂ ಮಾಲೀಕರ ಪಾಲಿನ ಹಣ 58 ವರ್ಷ ಆಗುವವರೆಗೆ ಕೈಗೆ ಸಿಗುವುದಿಲ್ಲ ಅನ್ನುವ ನಿಯಮ ಅದು. ಆ ಹಣವನ್ನೇ ನಂಬಿ ಮಗಳ ಮದುವೆಗೋ ಸಾಲ ತೀರಿಸುವುದಕ್ಕೋ ಲೆಕ್ಕ ಹಾಕಿಕೊಂಡಿದ್ದವರು ಎಷ್ಟೋ ಮಂದಿ. ಬಸ್ಸುಗಳಿಗೆ ಬೆಂಕಿ ಬಿತ್ತು, ಪೊಲೀಸರು ಲಾಠಿ ಬೀಸಿದರು. ಬೆಂಕಿ ಹಚ್ಚಿದ್ದನ್ನು ನಾವು ಒಪ್ಪುವುದಿಲ್ಲ. ಆದರೆ ಟಿವಿಯಲ್ಲಿ ಉರಿಯುವ ಬಸ್ಸು ಕಂಡಷ್ಟು ಸಲ ಆ ಪಿಎಫ್ ನಿಯಮ ಏನೆಂದು ಯಾರಾದರೂ ಬಿಡಿಸಿ ಹೇಳಿದರೇ? ಎರಡನೇ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಇದರ ಲಾಭ ಸಿಕ್ಕಿದ್ದು ಬೀದಿಗೆ ಬಂದವರಿಗೆ ಮಾತ್ರವಲ್ಲ, ದೇಶದಲ್ಲಿ ಪಿಎಫ್ ಕಟ್ಟುವ ಎಲ್ಲರಿಗೂ. ಅಂದು ಆ ಜಾಮ್‌ನಲ್ಲಿ ಕಾರಿನೊಳಗೆ ಕೂತು ಬೈದವರಿಗೂ ಸೇರಿ.

ಹಾಗಂತ ಜಾಮ್‌ನಲ್ಲಿ ಸಿಕ್ಕಿಕೊಂಡವರ ಕಷ್ಟ ಸಣ್ಣದಲ್ಲ. ಆಟೊ ಓಡಿಸುವವರಿಗೆ ಆ ದಿನದ ದುಡಿಮೆ ಹೋಗುತ್ತದೆ. ನಮ್ಮ ಜಿಲ್ಲೆಯಿಂದಲೇ ದೊಡ್ಡಾಸ್ಪತ್ರೆಗೆಂದು ಹೋದವರು ದಾರಿಯಲ್ಲಿ ಉಳಿಯುತ್ತಾರೆ. ಬಸ್ಸಿನಲ್ಲಿ ಸಿಕ್ಕಿಕೊಂಡಿದ್ದ ನಮ್ಮ ಗೆಳೆಯನಿಗೆ ಅಂದು ಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನ. ನಡೆದೇ ಹೋಗಿ ದಂಡ ಸೇರಿಸಿ ಕಟ್ಟಿದ. ಆಂಬ್ಯುಲೆನ್ಸಿಗೆ ದಾರಿ ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಈ ಕಷ್ಟಕ್ಕೆ ಸಿಕ್ಕ ಪರಿಹಾರ ನಿಮಗೂ ಗೊತ್ತಿರಲಿ. ಪ್ರತಿಭಟನೆಗಳಿಂದ ಸಂಚಾರ ಕೆಡುತ್ತದೆ ಅನ್ನುವ ವಿಷಯವನ್ನು 2021ರಲ್ಲಿ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಬೆಂಗಳೂರಿನಲ್ಲಿ ಧರಣಿ, ಮೆರವಣಿಗೆ ಏನಿದ್ದರೂ ಅನುಮತಿ ಪಡೆದು ಫ್ರೀಡಂ ಪಾರ್ಕ್‌ನಲ್ಲೇ ನಡೆಸಬೇಕು ಅನ್ನುವ ಆದೇಶ ಬಂತು. ನಗರದ ಎಷ್ಟೋ ಜನ 'ಸದ್ಯ, ಪೀಡೆ ತೊಲಗಿತು' ಎಂದು ಉಸಿರು ಬಿಟ್ಟರು. ಆ ಫ್ರೀಡಂ ಪಾರ್ಕ್ ಮೊದಲು ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಕೂಡಿಹಾಕಿದ್ದು ಅಲ್ಲೇ. ಸರ್ಕಾರವನ್ನು ಪ್ರಶ್ನಿಸಿದವರನ್ನು ಇಟ್ಟಿದ್ದ ಜಾಗಕ್ಕೇ ಈಗ ಪ್ರಶ್ನೆ ಕೇಳಬೇಕೆನ್ನುವವರು ಹೋಗಬೇಕು.

ಆಟೊದವರಿಗೆ, ರೋಗಿಗಳಿಗೆ ಇದರಿಂದ ಅನುಕೂಲ ಆಗಿದೆ, ಒಪ್ಪುತ್ತೇವೆ. ಆದರೆ ಕೊಪ್ಪಳದಿಂದ, ಬೀದರಿನಿಂದ, ಚಾಮರಾಜನಗರದಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರು ಯಾರ ಕಣ್ಣಿಗೂ ಬೀಳದೆ ಸಂಜೆ ವಾಪಸ್ ಬಸ್ ಹತ್ತುವಂತಾದರೆ ಆ ಪ್ರಯಾಣ ಯಾಕೆ? ತಾಲ್ಲೂಕು ಕಚೇರಿಯಲ್ಲಿ ಮನವಿ ಕೊಟ್ಟು, ಜಿಲ್ಲಾಧಿಕಾರಿ ಕಚೇರಿಯಲ್ಲಿ ಮನವಿ ಕೊಟ್ಟು, ಸೀಲು ಹಾಕಿದ ಪ್ರತಿಗಳನ್ನು ಕಡತದಲ್ಲಿ ಕಟ್ಟಿಟ್ಟು ಸಾಕಾದ ಮೇಲೆ ತಾನೇ ನಮ್ಮವರು ರಾಜಧಾನಿಗೆ ಹೋಗುವುದು. ತೀರ್ಮಾನ ಮಾಡುವವರು ಇರುವುದು ಅಲ್ಲಿ.

2022ರಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿಯವರಿಗೂ ಗ್ರಾಚ್ಯುಟಿ ಕೊಡಬೇಕು ಎಂದು ತೀರ್ಪು ಕೊಟ್ಟಿತು. ಹಾಗಿದ್ದೂ ಮರುವರ್ಷ ಅದನ್ನು ಕೇಳುವುದಕ್ಕೆ ಅವರು ಮತ್ತೆ ಫ್ರೀಡಂ ಪಾರ್ಕಿಗೆ ಹೋಗಬೇಕಾಯಿತು.

ಪತ್ರಿಕೋದ್ಯಮ ಓದಿದ ನಾವು ಪ್ರತಿಭಟನೆಯ ಸುದ್ದಿ ಬರೆಯುವ ಮುನ್ನ ಈಗ ಮೂರು ಪ್ರಶ್ನೆ ಕೇಳುತ್ತೇವೆ. ಇವರ ಬೇಡಿಕೆ ಏನು? ಇದನ್ನು ಮೊದಲು ಎಲ್ಲೆಲ್ಲಿ, ಎಷ್ಟು ಸಲ ಕೇಳಿದ್ದರು? ಆಗ ಸಿಕ್ಕ ಉತ್ತರ ಏನು? ಇವು ಬರೀ ವರದಿಗಾರರ ಪ್ರಶ್ನೆಗಳಲ್ಲ. ಮುಂದಿನ ಸಲ ಅಂಥದೊಂದು ವಿಡಿಯೊ ಬಂದಾಗ ನೀವೂ ಕಳಿಸಿದವರನ್ನು ಕೇಳಬಹುದು. ಉತ್ತರ ಕೇಳಿದ ಮೇಲೂ ಪ್ರತಿಭಟನೆ ತಪ್ಪು ಅನ್ನಿಸಿದರೆ ತಪ್ಪು ಎಂದೇ ಹೇಳಿ, ಅದು ನಿಮ್ಮ ಹಕ್ಕು. ಆದರೆ ಆ ಗುಂಪಿನಲ್ಲಿ ಕೂತವರು ನಿಮ್ಮೂರಿನ ಅಂಗನವಾಡಿಯವರೂ ಆಗಿರಬಹುದು. ನಾಳೆ ಬೆಳಿಗ್ಗೆ ನಿಮ್ಮ ಕೂಸಿಗೆ ಊಟ ಬಡಿಸುವ ಕೈ ಅದು.